ಬೆನ್ನ ಹಿಂದೆ ಕಟ್ಟಿದ ಕೈ

ಪಾಯಸದ ಕೊಪ್ಪರಿಗೆಯ ಮುಂದೆ ನಿಂತಾಗ ನನ್ನ ಭಾವ ವಾಸುದೇವ ಹೊಳ್ಳರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಕಂಡವರು ದೊಡ್ಡ ಅಡುಗೆಯವರ ಗತ್ತು ಎಂದುಕೊಳ್ಳುತ್ತಿದ್ದರು. ಗತ್ತೂ ಅಲ್ಲ, ಮಣ್ಣೂ ಅಲ್ಲ. ಆ ಕೈಗಳು ತಮ್ಮಷ್ಟಕ್ಕೆ ಏನಾದರೂ ಮಾಡಿಬಿಟ್ಟಾವು ಎಂಬ ಹೆದರಿಕೆ. ಬಲಗೈ ಎಡಗೈಯನ್ನು ಕಾಯುವುದು, ಎಡಗೈ ಬಲಗೈಯನ್ನು.

ಸಾಲಿಗ್ರಾಮದ ಭಾವನ ಅಡುಗೆ ಎಂದರೆ ಬ್ರಹ್ಮಾವರದಿಂದ ಬೈಂದೂರಿನ ತನಕ ಹೆಸರು. ಅವರು ಒಲೆಯ ಮುಂದೆ, ನಾನು ಬಡಿಸುವ ತಂಡದ ಮುಂದೆ. ಅಕ್ಕನ ಗಂಡನಾದ್ದರಿಂದ ಬಿಟ್ಟುಹೋಗುವ ಹಾಗೂ ಇರಲಿಲ್ಲ. ಹೊರಗಿನವನಾಗಿದ್ದರೆ ಮೊದಲ ವರ್ಷವೇ ಪಾಯಸದ ಬಾಲ್ದಿಯನ್ನು ಅಲ್ಲೇ ಇಟ್ಟು ಓಡುತ್ತಿದ್ದೆ.

ನಮ್ಮ ಕಡೆ ದೇವರಿಗೆ ನೈವೇದ್ಯವಾಗುವ ತನಕ ಅಡುಗೆಯವನು ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಉಪ್ಪು, ಹುಳಿ, ಬೆಲ್ಲ ಎಲ್ಲವೂ ಮೂಗಿನ ಮೇಲೆ, ಕಣ್ಣಂದಾಜಿನ ಮೇಲೆ. ಉಳಿದವರಿಗೆ ಅದು ಅಭ್ಯಾಸ. ಭಾವನಿಗೆ ಅದೇ ನರಕ. ರುಚಿ ನೋಡುವ ಹಾಗಿಲ್ಲ ಎಂದ ಮೇಲೆ ಅದರಲ್ಲಿ ಏನು ಸೇರಿದೆಯೋ ಯಾರಿಗೆ ಗೊತ್ತು? ನೈವೇದ್ಯವಾದ ಮೇಲೆ ಒಂದು ಚಮಚ ತಿಂದು ನೋಡಿ ಎಂದರೆ ಅದೂ ಸಾಲದು. ಕೊಪ್ಪರಿಗೆಯ ಈ ಬದಿಯಲ್ಲಿ ಇಲ್ಲದ್ದು ಆ ಬದಿಯಲ್ಲಿ ಇರಬಾರದೆಂದು ಎಲ್ಲಿದೆ?

"ರಾಘು, ಎಂತದೂ ಬಿದ್ದಿಲ್ಲೆ ಅಲ್ದಾ?"

"ಇಲ್ಲೆ ಭಾವ, ಎಂತದೂ ಬಿದ್ದಿಲ್ಲೆ."

"ನೀನ್ ಸಮಾ ಕಂಡಿದ್ಯಾ?"

"ಕಂಡಿದ್ದೆ ಮರಾಯ್ರೆ!"

ಅಲ್ಲಿಗೆ ಮುಗಿಯಿತೇ? ನಾಲ್ಕು ಹೆಜ್ಜೆ ಹೋಗುವುದರೊಳಗೆ ಮತ್ತೆ ಅದೇ. ಒಮ್ಮೆ ಕಡಲೆಬೇಳೆ ಪಾಯಸವನ್ನು ಬಟ್ಟೆಯಲ್ಲಿ ಸೋಸಿ, ಪುನಃ ಸೋಸಿ, ಕೊನೆಗೆ ಬೇಳೆಯೆಲ್ಲ ಬಟ್ಟೆಯಲ್ಲುಳಿದು ನಾವು ಪಂಕ್ತಿಗೆ ಬಡಿಸಿದ್ದು ಬರೀ ಬೆಲ್ಲದ ನೀರು. ಮನೆಗೆ ಹೋದ ಮೇಲೂ ಬಿಡುಗಡೆಯಿಲ್ಲ. ಉಂಡವರು ಸ್ಟೇಟಸ್ ಹಾಕಿದ್ದಾರೋ ಎಂದು ವಾಟ್ಸಾಪ್ ನೋಡುತ್ತಾ ಕೂರುತ್ತಿದ್ದರು. ಹಾಕಿದ್ದರೆ ಜೀವದಲ್ಲಿದ್ದಾರೆ ಎಂದು ಲೆಕ್ಕ! ಹಾಕದಿದ್ದರೆ ನನಗೆ ಫೋನು.

"ನಂಗೆ ಮದ್ವೆ ಆದ್ದ್ ಇವ್ರ ಒಟ್ಟಿಗಲ್ಲ, ಇವ್ರ ಸಂಶಯದ ಒಟ್ಟಿಗೆ" ಎನ್ನುತ್ತಿದ್ದಳು ಅಕ್ಕ.

ಎಲ್ಲ ಸೇರಿ ಒಡೆದದ್ದು ಹೆಮ್ಮಾಡಿಯ ಕಡೆಯ ಒಂದು ಮದುವೆಯಲ್ಲಿ. ಎಲೆ ತುಂಬ ಬಡಿಸಿಯಾಗಿತ್ತು. ಎಲೆಯ ತುದಿಗೆ ಪಾಯಸ ಬಿದ್ದಿತ್ತು, ಅನ್ನಕ್ಕೆ ತುಪ್ಪವೂ ಆಗಿತ್ತು. ಇನ್ನು ಮನೆಯ ಹಿರಿಯರು 'ಗೋವಿಂದಾ' ಎನ್ನಬೇಕು, ಎಲ್ಲರೂ ಉಣ್ಣಲು ಕೈ ಹಾಕಬೇಕು. ಅಷ್ಟರಲ್ಲಿ ಅಡುಗೆಕೋಣೆಯಿಂದ ಭಾವ ಓಡಿ ಬಂದರು. ಹೆಗಲ ಬೈರಾಸು ನೆಲ ಗುಡಿಸುತ್ತಿತ್ತು.

"ಹ್ವಾಯ್, ನಿಲ್ಲಿ! ಪಾಯ್ಸ ಯಾರೂ ಮುಟ್ಬೇಡಿ!"

ಸಾಲಿಗೆ ಸಾಲೇ ಕೈ ಎತ್ತಿ ಕೂತಿತು. ಮದುಮಗನ ಸೋದರಮಾವ ತಮಾಷೆಯವರು. "ಎಂತ ಹೊಳ್ಳರೇ, ವಿಷ ಗಿಷ ಹಾಕಿದ್ರ್ಯಾ?" ಎಂದರು.

ಬೇರೆ ಯಾರಾದರೂ ನಕ್ಕು ತೇಲಿಸಿಬಿಡುತ್ತಿದ್ದರು. ನಮ್ಮ ಭಾವ ಬೆವರು ಸುರಿಸುತ್ತಾ, ಅತ್ಯಂತ ಪ್ರಾಮಾಣಿಕವಾಗಿ, "ಹಾಕಿದ್ರೂ ಹಾಕಿರ್ಬಹುದ್" ಎಂದರು!

ನನಗೆ ಅಡಿಯಿಂದ ಮುಡಿಯ ತನಕ ಉರಿದುಹೋಯಿತು. ಬಾಲ್ದಿಯಿಂದ ಒಂದು ಚೊಂಬು ಪಾಯಸ ಬಗ್ಗಿಸಿಕೊಂಡು ಎಲ್ಲರೆದುರು ಗಟಗಟ ಕುಡಿದೆ. "ಕಾಣಿ, ನಾನ್ ಸತ್ನಾ? ಇಲ್ಲೆ ಅಲ್ದಾ? ಇನ್ನ್ ಉಣ್ಣಿ!" ಎಂದೆ. ಯಾರೋ ನಕ್ಕರು, ಯಾರೋ ಗೋವಿಂದ ಎಂದರು, ಊಟ ನಡೆಯಿತು. ಆದರೆ ಸುದ್ದಿ ಹೆದ್ದಾರಿಯ ಬಸ್ಸಿಗಿಂತ ಮುಂದೆ ಓಡಿತ್ತು. ಆ ವರ್ಷಕ್ಕೆ ಹೇಳಿಟ್ಟಿದ್ದ ಅಡುಗೆಗಳು ಒಂದೊಂದಾಗಿ ಬೇರೆಯವರ ಪಾಲಾದವು. ಬೇರೆ ಕೆಲಸ ಭಾವನಿಗೆ ಗೊತ್ತಿರಲಿಲ್ಲ. ಇದೊಂದು ಹೋದರೆ ಮನೆಯ ಒಲೆಯೂ ತಣ್ಣಗೆ, ಮನುಷ್ಯನೂ ತಣ್ಣಗೆ.

ಅಕ್ಕ ಅವರನ್ನು ಚಾವಡಿಯಲ್ಲಿ ನನ್ನೆದುರು ಕೂರಿಸಿ, "ಇವತ್ತ್ ಹೇಳ್ದೆ ಏಳ್ಬೇಡಿ" ಎಂದು ಹಟ ಹಿಡಿದಳು. ಭಾವ ನೆಲ ನೋಡುತ್ತಾ ಹೇಳಿದರು.

"ಅವತ್ತ್ ಮದ್ವೆ ದಿನ ಕಸ ಗುಡ್ಸುವವ್ರ್ ಇಟ್ಟ ಫಿನಾಯಿಲ್ ಬಾಟ್ಲಿ ಅಡ್ಗೆಕೋಣೆ ಬಾಗ್ಲ ಬದಿಗಿತ್ತ್. ಕಂಡ್ ಕೂಡ್ಲೆ ಮನ್ಸಿಗೆ ಬಂತ್, ಇದನ್ನ ಪಾಯ್ಸಕ್ಕೆ ಹೊಯ್ದ್ರೆ? ಬಂದದ್ದ್ ಹೋತಿಲ್ಲೆ ರಾಘು. ಆಮೇಲೆ ಹೊಯ್ದೇ ಬಿಟ್ಟೆನಾ ಅಂದೇಳಿ ಆತ್ತ್. ನಂಗೆ ಯಾರ್ ಮೇಲೂ ಸಿಟ್ಟಿಲ್ಲೆ. ಹೀಂಗೆಲ್ಲಾ ಯೋಚ್ನೆ ಬಪ್ಪ ನಾನ್ ಎಂಥಾ ಮನ್ಷ?"

ಎಷ್ಟು ವರ್ಷ ಇಂಥದ್ದನ್ನೆಲ್ಲ ಒಳಗೇ ಬೇಯಿಸಿಕೊಂಡಿದ್ದರೋ. ಇರುವೆ ಕಂಡರೆ ದಾಟಿ ಹೋಗುವ ಜನ!

ಕುಂದಾಪುರದಲ್ಲಿ ಮಾನಸಿಕ ಚಿಕಿತ್ಸೆಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ಆಕೆ ಪೂರ್ತಿ ಕೇಳಿ, ಇದಕ್ಕೆ ಗೀಳು ಕಾಯಿಲೆ, ಓಸಿಡಿ ಅನ್ನುತ್ತಾರೆ ಎಂದರು. "ಇಂಥ ಯೋಚನೆ ಎಲ್ಲರ ತಲೆಯಲ್ಲೂ ಹಾದುಹೋಗ್ತದೆ ಹೊಳ್ಳರೇ. ನಿಮಗೆ ಅದು ಅಷ್ಟು ಹೇಸಿಗೆ ಆದ್ದರಿಂದಲೇ ನಿಮ್ಮನ್ನು ಬಿಡೂದಿಲ್ಲ. ಯೋಚನೆ ಬಂತು ಅಂದರೆ ಕೆಲಸ ಮಾಡಿದಿರಿ ಅಂತ ಅಲ್ಲ." ಮಾತ್ರೆ ಬರೆದರು. ಆಮೇಲೆ ನನ್ನ ಕಡೆ ತಿರುಗಿದರು. "ಇವರು ಕೇಳಿದಾಗ ನೀವೆಂತ ಹೇಳ್ತೀರಿ?"

"ಎಂತದೂ ಬೀಳ್ಲಿಲ್ಲ ಅಂತ."

"ಇನ್ನು ಹೇಳ್ಬೇಡಿ. ಆ ಉತ್ತರದಿಂದ ಒಂದು ಗಳಿಗೆ ಸಮಾಧಾನ, ಆಮೇಲೆ ಇನ್ನೂ ದೊಡ್ಡ ಸಂಶಯ. ಗೊತ್ತಿಲ್ಲ ಅನ್ನಿ, ಸಾಕು."

ಹೇಳುವುದೇನೋ ಸುಲಭ! ಅಂದಿನಿಂದ ಅಕ್ಕನ ಮನೆಯಲ್ಲಿ ಯುದ್ಧ. ಡಾಕ್ಟರು ಹೇಳಿದಂತೆ, ಕಂಡು ಕಂಡೇ ಹೆದರಿಕೆ ಪಳಗಲಿ ಎಂದು, ಅಕ್ಕ ಫಿನಾಯಿಲ್ ಬಾಟಲಿಯನ್ನು ಅಡುಗೆಮನೆಯ ಹೊಸಿಲಲ್ಲೇ ಇಟ್ಟಳು. ಭಾವ ಕೈ ಬಿಚ್ಚಿಕೊಂಡು ಪಾಯಸ ಕಾಯಿಸಬೇಕು, ಸೋಸಬಾರದು, ನಾವು ತಿನ್ನಬೇಕು. ನನಗೆ ಸಕ್ಕರೆ ಕಾಯಿಲೆ ಏರಿದ್ದೇ ಆಗ. ನೇರ ಕೇಳಿದರೆ ಉತ್ತರ ಸಿಗುವುದಿಲ್ಲವೆಂದು ಗೊತ್ತಾದ ಮೇಲೆ ಭಾವ ಸುತ್ತು ದಾರಿ ಹಿಡಿದರು.

"ರಾಘು, ಪಾಯ್ಸದ ಬಣ್ಣ ಚಂದ ಇತ್ತಲ್ದಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅಕ್ಕ, "ಹ್ವಾಯ್, ಅದೂ ಅದೇ ಪ್ರಶ್ನೆ! ಬಾಯಿ ಮುಚ್ಕಣ್ ತಿನ್ ರಾಘು!" ಎಂದು ಕೂಗುತ್ತಿದ್ದಳು.

ಭಾವನಿಗೆ ಸಿಟ್ಟು ಬರುತ್ತಿತ್ತು, ಅಳು ಬರುತ್ತಿತ್ತು, ಎರಡು ದಿನ ನಮ್ಮೊಡನೆ ಮಾತು ಬಿಡುತ್ತಿದ್ದರು. ನನಗೂ ಎಷ್ಟೋ ಸಲ, ಒಮ್ಮೆ 'ಬಿದ್ದಿಲ್ಲೆ' ಎಂದು ಹೇಳಿ ಪೀಡೆ ಕಳೆದುಕೊಳ್ಳೋಣ ಅನ್ನಿಸಿದ್ದುಂಟು. ಕಾಯಿಲೆ ಪೂರ್ತಿ ಹೋಗಲಿಲ್ಲ. ಆದರೆ ಅದರ ಬಾಯಿ ಸಣ್ಣದಾಯಿತು. ಸಣ್ಣಪುಟ್ಟ ಹೋಮ, ನಾಮಕರಣಗಳ ಅಡುಗೆ ಮತ್ತೆ ಬರತೊಡಗಿತು.

ಕೊನೆಯ ಸಲ ಒಟ್ಟಿಗೆ ಕೆಲಸ ಮಾಡಿದ್ದು ಕೋಟೇಶ್ವರದ ಒಂದು ಉಪನಯನದಲ್ಲಿ. ನಾನು ಬಾಲ್ದಿ ಹಿಡಿದು ಹೊರಟಾಗ ಭಾವ ಕೊಪ್ಪರಿಗೆಯ ಪಕ್ಕದಲ್ಲಿ ಸಟ್ಟುಗ ಹಿಡಿದು ನಿಂತಿದ್ದರು. ಕೈ ಬೆನ್ನ ಹಿಂದೆ ಹೋಗದೆ ಮುಂದೆಯೇ ಇತ್ತು.

"ರಾಘು, ಎಂತದೂ ಬಿದ್ದಿಲ್ಲೆ ಅಲ್ದಾ?"

"ಗೊತ್ತಿಲ್ಲೆ ಭಾವ."

ಅವರು ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದರು. ಆಮೇಲೆ ಮೀಸೆಯೊಳಗೇ ನಕ್ಕರು. "ಗೊತ್ತಿಲ್ಯಾ? ಹಂಗಾರೆ ಬಡ್ಸ್ ಹೋಗ್." ಗೋವಿಂದ ಹೇಳುವಾಗ ಅವರು ಬಾಗಿಲಿಗೂ ಬರಲಿಲ್ಲ. ಕಡೆಯ ಪಂಕ್ತಿಯಲ್ಲಿ ತಾವೂ ಕೂತು ಅದೇ ಪಾಯಸವನ್ನು ಕೇಳಿ ಹಾಕಿಸಿಕೊಂಡರು.

ಅದಾಗಿ ವಾರವಾಗಿತ್ತಷ್ಟೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಎದೆ ಹಿಡಿದುಕೊಂಡರು, ಆಸ್ಪತ್ರೆ ಮುಟ್ಟಲಿಲ್ಲ.

ಅವರ ವೈಕುಂಠ ಸಮಾರಾಧನೆಯ ದಿನ ಅಡುಗೆಗೆ ಬೇರೆಯವರು ಬಂದಿದ್ದರು. ಸೊಂಟಕ್ಕೆ ಕೈ ಕೊಟ್ಟು ನಿಲ್ಲುವ, ಯಾವ ಸಂಶಯವೂ ಇಲ್ಲದ ಜನ. ನಾನು ಪಾಯಸದ ಬಾಲ್ದಿ ಎತ್ತಿಕೊಂಡು ಹೊಸಿಲ ತನಕ ಬಂದೆ. ಅಲ್ಲಿ ಕಾಲು ತಾನಾಗಿ ನಿಂತಿತು. ಎಲೆಯ ಮುಂದೆ ಜನ ಕಾಯುತ್ತಿದ್ದಾರೆ, ನನ್ನ ಕಿವಿ ಮಾತ್ರ ಹಿಂದಕ್ಕೆ. ಯಾರೂ ಕೇಳಲಿಲ್ಲ. ಇಷ್ಟು ವರ್ಷ ತಲೆ ತಿಂದ ಪುಣ್ಯಾತ್ಮ, ಇವತ್ತೊಂದು ದಿನ ಕೇಳಬಾರದೇ ಎಂದು ಸಿಟ್ಟೇ ಬಂತು.

ಅಕ್ಕ ಬಾಗಿಲ ಮರೆಯಲ್ಲಿ ಕೂತು ನೋಡುತ್ತಿದ್ದಳು. ಮೆಲ್ಲಗೆ ಕೇಳಿದಳು:

"ರಾಘು, ಎಂತದೂ ಬಿದ್ದಿಲ್ಲೆ ಅಲ್ದಾ?"

"ಗೊತ್ತಿಲ್ಲೆ ಅಕ್ಕ."

"ಹಂಗಾರೆ ಬಡ್ಸ್ ಹೋಗ್" ಎಂದಳು.