ಕನ್ನಡದ ಬೆನ್ನ ಹಿಂದೆ ವಾಕಿಂಗ್

ಮಾರಾಯ್ರೆ, ಇವತ್ತು ಈ ತಮಿಳು ಊರು ಪೋರೂರಿನ ಪಾರ್ಕಿನಲ್ಲಿ ನನ್ನ ಮರ್ಯಾದೆ ಹೋಯಿತು. ನನ್ನದು ಹೋಟೆಲಿನಲ್ಲಿ ಸೂಪರ್‌ವೈಸರ್ ಕೆಲಸ. ಗಿರಾಕಿ ಕೂಗಿದರೂ ಎದೆ ಢವಢವ, ಕೂಗದಿದ್ದರೂ ಢವಢವ. ಅದಕ್ಕೇ ದಿನಾ ಬೆಳಿಗ್ಗೆ ನಡೆಯುತ್ತೇನೆ. ಹೋಟೆಲಿನಲ್ಲಿ ಕನ್ನಡದವನು ಈಗ ನಾನೊಬ್ಬನೇ. ಪಾರ್ಕಿಗೆ ಬರುವ ವಯಸ್ಸಾದ ಗಂಡ ಹೆಂಡತಿ ಮಾತ್ರ ಕನ್ನಡ ಮಾತಾಡುತ್ತಾರೆ. "ರಾತ್ರಿ ಮೊಸರು ಬೇಡ ಅಂದ್ರೆ ಕೇಳಲ್ಲ ನೀವು" ಎಂಬಂಥ ಮಾತು. ಅದು ಕಿವಿಗೆ ಬಿದ್ದರೆ ಎದೆ ತಣ್ಣಗಾಗುತ್ತದೆ. ಹಾಗಾಗಿ ಒಂದು ವಾರದಿಂದ ಅವರ ಹಿಂದೆಯೇ ನಡೆಯುತ್ತಿದ್ದೆ.

ಇವತ್ತು ಯಜಮಾನರು ತಿರುಗಿ ನಿಂತು ತಮಿಳಿನಲ್ಲಿ ಗದರಿದರು. "ಯಾರಪ್ಪಾ ನೀ? ಎದುಕ್ಕು ಪಿನ್ನಾಡಿಯೇ ವರ್ರೆ?" ಯಾಕೆ ಹಿಂದೆಯೇ ಬರುತ್ತೀಯ ಎಂದು. ಅವರ ಹೆಂಡತಿ ಗಂಡನಿಗೆ ಕನ್ನಡದಲ್ಲಿ, "ನನ್ನ ಸರ ನೋಡ್ತಿದಾನೆ ರೀ. ಮುಖ ನೋಡಿ, ಕಳ್ಳನೇ" ಎಂದರು.

ನಾನೂ ಕನ್ನಡದವನೆಂದರೆ ವಾರವಿಡೀ ಅವರ ಮನೆಮಾತು ಕೇಳಿಸಿಕೊಂಡದ್ದು ಗೊತ್ತಾಗುತ್ತದಲ್ಲ! ಹೆದರಿ, "ಸುಮ್ಮಾ ವಾಕಿಂಗ್ ಸಾರ್" ಎಂದು ತಮಿಳಿನಲ್ಲೇ ಹೇಳಿ ಓಡಿಬಂದೆ. ನಾಳೆಯಿಂದ ಬೇರೆ ಪಾರ್ಕು ಹುಡುಕಬೇಕು.

ಬೈದರೇನಾಯಿತು ಬಿಡಿ. ಈ ಊರಿನಲ್ಲಿ ನನ್ನ ಬಗ್ಗೆ ಯಾರಾದರೂ ಕನ್ನಡದಲ್ಲಿ ಮಾತಾಡಿ ಎರಡು ವರ್ಷವಾಗಿತ್ತು.