ಕ್ರೂ ಜಂಕ್ಷನ್ ದಾಟಿದ ದಿನ

ಹೋದ ತಿಂಗಳು ಒಂದು ರೈಲು ನನ್ನನ್ನು ಹೊತ್ತುಕೊಂಡು ಹೋಯಿತು.

ನನ್ನ ಹತ್ತಿರ ಮುಂದಿನ ಊರಿಗೆ ಟಿಕೆಟ್ ಇರಲಿಲ್ಲ. ಹೋಗುವ ಉದ್ದೇಶವೂ ಇರಲಿಲ್ಲ. ನನ್ನ ಕೋಟು ಇಂಗ್ಲೆಂಡಿನ ಕ್ರೂ ಸ್ಟೇಷನ್ನಿನ ಬೆಂಚಿನ ಮೇಲೆ ಬಿದ್ದಿತ್ತು. ನಾನು ಮಾತ್ರ ರೈಲಿನೊಳಗೆ ಬಾಗಿ ಒಬ್ಬ ಹಿರಿಯರ ಕಾಲು ಮುಟ್ಟುತ್ತಿದ್ದೆ. ಅಷ್ಟರಲ್ಲಿ ಬೀಪ್ ಬೀಪ್ ಎಂದು ಬಾಗಿಲು ಮುಚ್ಚಿಕೊಂಡಿತು.

ಇದು ನಮ್ಮವರು ಮಾತ್ರ ಮಾಡುವ ತಪ್ಪು, ಅಲ್ಲವೇ? ನಮ್ಮಲ್ಲಿ ಕಳಿಸಿಕೊಡುವುದು ಎಂದರೆ ಬೋಗಿಯೊಳಗೆ ಹತ್ತಬೇಕು. ಸೂಟ್‌ಕೇಸನ್ನು ಸೀಟಿನ ಕೆಳಗೆ ತಳ್ಳಬೇಕು. ಎದುರು ಕೂತವರಿಗೆ ‘ಸ್ವಲ್ಪ ನೋಡ್ಕೊಳ್ಳಿ’ ಅನ್ನಬೇಕು. ಗಾಡಿ ಅಲುಗಿದ ಮೇಲೆಯೇ ಇಳಿಯಬೇಕು. ಅರಸೀಕೆರೆಯಲ್ಲಿ ನನ್ನ ಸೋದರಮಾವ ಪ್ರತಿ ಸಲ ಹೀಗೇ ಇಳಿಯುತ್ತಿದ್ದರು. ಇಂಗ್ಲೆಂಡಿನ ರೈಲು ಅಲುಗುವುದೇ ಬಾಗಿಲಿಗೆ ಬೀಗ ಬಿದ್ದ ಮೇಲೆ. (“ಅಮ್ಮಾ, ನೋಬಡಿ ಗೆಟ್ಸ್ ಇನ್ ಟು ಸೇ ಬೈ!” ಎಂದು ಮಗಳು ಆಮೇಲೆ ಬಿದ್ದು ಬಿದ್ದು ನಕ್ಕಳು. ನಗಲಿ.)

ಆದರೆ ನಾನು ಹೇಳಹೊರಟಿರುವುದು ನಗುವ ವಿಷಯವಲ್ಲ.

ನಾನು ಕಳಿಸಲು ಹೋಗಿದ್ದು ಶಾಂತಾ ಆಂಟಿಯನ್ನು. ಹುಬ್ಬಳ್ಳಿಯವರು, ನಿವೃತ್ತ ಡಾಕ್ಟರ್. ಕೆಲಸವೆಲ್ಲ ಡಾರ್ಬಿಯಲ್ಲಿ. ಗಂಡ ತೀರಿಕೊಂಡ ಮೇಲೆ ಬೀಸ್ಟನ್‌ಗೆ, ನಮ್ಮ ಮನೆಯ ಹಿಂದಿನ ಬೀದಿಗೆ ಬಂದರು. ಇಲ್ಲಿ ನಾವೆಲ್ಲ ಸೇರಿದರೆ ಎಲ್ಲರ ಮಾತೂ ಬೆಂಗಳೂರಿನ ಕಡೆಗೆ ವಾಲುತ್ತದೆ. ಆಂಟಿಯದು ವಾಲುವುದಿಲ್ಲ. ಇಷ್ಟು ವರ್ಷ ಇಂಗ್ಲಿಷರ ನಡುವೆ ಬದುಕಿಯೂ ಕನ್ನಡಕ್ಕೆ ಬಾಯಿ ತೆರೆದರೆ ಅಪ್ಪಟ ಹುಬ್ಬಳ್ಳಿ.

ಅವರಿಗೆ ಒಬ್ಬಳು ಗೆಳತಿ, ಗಿರಿಜಾ. ಹುಬ್ಬಳ್ಳಿಯಲ್ಲಿ ಒಟ್ಟಿಗೆ ಡಾಕ್ಟರ್ ಓದಿ, ಒಂದೇ ವಿಮಾನದಲ್ಲಿ ಈ ದೇಶಕ್ಕೆ ಬಂದವರು. ಕೆಲಸ ಸಿಕ್ಕಿದ್ದು ಮಾತ್ರ ಬೇರೆ ಬೇರೆ ಕಡೆ. ಒಬ್ಬರಿಗೆ ಡಾರ್ಬಿ, ಇನ್ನೊಬ್ಬರಿಗೆ ಉತ್ತರದ ಪ್ರೆಸ್ಟನ್. ಜೂನಿಯರ್ ಡಾಕ್ಟರ್‌ಗಳ ಡ್ಯೂಟಿ ರೋಟಾ ಗೊತ್ತಲ್ಲ? ಭಾನುವಾರ ಅರ್ಧ ದಿನ ಬಿಡುವು ಸಿಕ್ಕರೆ ಪುಣ್ಯ. ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ ಬರುವಷ್ಟರಲ್ಲಿ ಬಿಡುವೇ ಮುಗಿಯುತ್ತದೆ. ಹಾಗಾಗಿ ದಾರಿಯನ್ನೇ ಪಾಲು ಮಾಡಿಕೊಂಡರು. ನೀ ಅರ್ಧ ಬಾ, ನಾ ಅರ್ಧ ಬರ್ತೀನಿ.

ಆ ಅರ್ಧದಲ್ಲಿ ಇದ್ದದ್ದು ಕ್ರೂ.

ಕ್ರೂ ಒಂದು ವಿಚಿತ್ರ ಊರು. ಊರಿತ್ತು, ಅದಕ್ಕೊಂದು ಸ್ಟೇಷನ್ ಬಂತು ಎನ್ನುವ ಕತೆ ಇಲ್ಲಿಯದಲ್ಲ. ಮೊದಲು ಇದ್ದದ್ದು ಹಸು ಮೇಯುವ ಹೊಲಗಳು. ಹೊಲದ ನಡುವೆ ಹಳಿಗಳು ಕೂಡಿದವು, ಸ್ಟೇಷನ್ ಎದ್ದಿತು. ಆಮೇಲೆ ರೈಲು ಕಂಪನಿಯವರೇ ಎಂಜಿನ್ ಕಟ್ಟುವ ಕಾರ್ಖಾನೆ ಹಾಕಿದರು, ಕೆಲಸಗಾರರಿಗೆ ಸಾಲು ಮನೆ ಕಟ್ಟಿಸಿದರು, ಚರ್ಚು ಕಟ್ಟಿಸಿದರು, ಶಾಲೆ ತೆರೆದರು. ಊರಿಗೆ ಹೆಸರು ಬಂದದ್ದೂ ಸ್ಟೇಷನ್ನಿನಿಂದಲೇ. ಮ್ಯಾಂಚೆಸ್ಟರ್, ಲಿವರ್‌ಪೂಲ್, ವೇಲ್ಸ್, ಸ್ಕಾಟ್ಲೆಂಡ್, ಲಂಡನ್, ನಮ್ಮ ಡಾರ್ಬಿ ಎಲ್ಲ ಕಡೆಯ ದಾರಿಯೂ ಅಲ್ಲಿ ಬಂದು ಸೇರುತ್ತದೆ. ಹೈಸ್ಪೀಡ್ ರೈಲು ಬರುತ್ತದೆ, ಊರಿನ ನಸೀಬೇ ಬದಲಾಗುತ್ತದೆ ಎಂದು ಕೆಲವು ವರ್ಷ ಹೇಳಿದರು. ಆಮೇಲೆ ಇಲ್ಲ ಎಂದರು. (ಸರ್ಕಾರಗಳು ಎಲ್ಲ ಕಡೆಯೂ ಒಂದೇ.)

ಆದರೆ ಕ್ರೂಗೇ ಹೋಗಬೇಕು ಎಂದು ಹೊರಟವರನ್ನು ನೀವು ನೋಡಿದ್ದೀರಾ? ಅಲ್ಲಿ ಇಳಿಯುವವರೆಲ್ಲ ಇನ್ನೊಂದು ಗಾಡಿ ಹತ್ತುವವರು.

ಕ್ರೂಗೆಂದೇ ಹೋಗುತ್ತಿದ್ದವರು ಈ ಇಬ್ಬರು.

ಬೆಂಚಿನ ಮೇಲೆ ಕೂತು ಡಬ್ಬಿ ತೆರೆಯುತ್ತಿದ್ದರು. ಕಟಿ ರೊಟ್ಟಿ, ಶೇಂಗಾ ಚಟ್ನಿ, ಇದ್ದರೆ ಮೊಸರು. ಎರಡು ಗಾಡಿಗಳ ನಡುವೆ ಎಷ್ಟು ಹೊತ್ತೋ ಅಷ್ಟು ಹೊತ್ತು ಕನ್ನಡ. ಸುತ್ತ ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ ಸೀನಿಯರ್ ಡಾಕ್ಟರ್‌ಗಳನ್ನೆಲ್ಲ ಗಟ್ಟಿಯಾಗಿ ಬೈಯುವುದು. ಆಮೇಲೆ ಒಂದು ನೇಮ. ಯಾರ ಗಾಡಿ ಮೊದಲು ಬರುತ್ತದೋ ಅವರನ್ನು ಇನ್ನೊಬ್ಬರು ಒಳಗೆ ಹತ್ತಿ, ಸೀಟಿನಲ್ಲಿ ಕೂಡಿಸಿ, ಇಳಿದು ಬರಬೇಕು. ಆ ಕಾಲದ ಬಾಗಿಲುಗಳು ಇನ್ನೂ ಕೈಯಿಂದ ತೆರೆಯುವಂಥವು.

ಮದುವೆ ಆಯಿತು, ಮಕ್ಕಳಾದವು, ಕಾರು ಬಂತು. ಆಮೇಲೂ ಕ್ರೂ ತಪ್ಪಲಿಲ್ಲ. “ಮನೆಗೇ ಹೋಗಬಹುದಿತ್ತಲ್ಲ ಆಂಟಿ?” ಎಂದು ಒಮ್ಮೆ ಕೇಳಿದ್ದೆ.

“ಮನ್ಯಾಗ ನಾವು ಯಾರದೋ ಹೇಣ್ತಿ, ಯಾರದೋ ತಾಯಿ. ಕ್ರೂದಾಗ ಬರೇ ಶಾಂತಾ, ಗಿರಿಜಾ” ಎಂದಿದ್ದರು.

ಆ ಗಿರಿಜಾ ಈಗ ಪ್ರೆಸ್ಟನ್ನಿನ ಒಂದು ಹಾಸ್ಪಿಸ್‌ನಲ್ಲಿ ಮಲಗಿದ್ದರು. ಇನ್ನು ಚಿಕಿತ್ಸೆ ಇಲ್ಲ, ನೋವು ಕಡಿಮೆ ಮಾಡುವುದಷ್ಟೇ. ಮಗ ಫೋನ್ ಮಾಡಿ, ಬರುವುದಿದ್ದರೆ ಬೇಗ ಬನ್ನಿ ಎಂದಿದ್ದ. ಆಂಟಿ ನನ್ನನ್ನು ಕರೆದರು. “ಕ್ರೂ ತನಕ ಬಾ ಸಾಕು. ಮುಂದ ನಾ ಒಬ್ಬಾಕಿನ ಹೋಗ್ತೀನಿ.”

ಬೀಸ್ಟನ್ನಿನಲ್ಲಿ ರೈಲು ಹತ್ತಿದೆವು. ಆಂಟಿಯ ಮಡಿಲಲ್ಲಿ ಸ್ಟೀಲಿನ ಡಬ್ಬಿ. ಹಿಂದಿನ ಸಲ ಗಿರಿಜಾ ಕೊಟ್ಟ ಡಬ್ಬಿಯಂತೆ. ಖಾಲಿ ವಾಪಸ್ ಮಾಡುವ ಹಾಗಿಲ್ಲ ಎಂದು ಶೇಂಗಾ ಹೋಳಿಗೆ ತುಂಬಿದ್ದರು. ಊಟ ಬಿಟ್ಟವರಿಗೆ ಹೋಳಿಗೆ! ಒಬ್ಬ ಡಾಕ್ಟರಿಗೆ ಅದು ತಿಳಿಯದೆ ಇದ್ದೀತೇ?

ಕ್ರೂನಲ್ಲಿ ಇಳಿದು ತಮ್ಮ ಹಳೆಯ ಜಾಗದ ಬೆಂಚಿನ ಮೇಲೆ ಕೂತರು. ಪ್ರೆಸ್ಟನ್ ಗಾಡಿ ಬಂತು. ಏಳಲಿಲ್ಲ. ಅದು ಹೋಯಿತು.

“ಆಂಟಿ, ಮೊಣಕಾಲು ನೋವಾ?”

“ಇಲ್ಲ. ಇಲ್ಲಿಂದ ಮುಂದ ನಾ ಒಮ್ಮೆರ ಹೋಗಿಲ್ಲ ನೋಡು.” ಎದುರಿನ ಮೆಟ್ಟಿಲ ಕಡೆ ಕೈ ತೋರಿಸಿದರು. “ಆಕಿ ಅಲ್ಲಿಂದ ಇಳದು ಬರಾಕಿ. ಕೆಂಪು ಕೋಟು, ಕೈಯಾಗ ಡಬ್ಬಿ. ನನಗ ಅದೊಂದ ಗಿರಿಜಾ ಗೊತ್ತು. ಹಾಸಿಗಿ ಮ್ಯಾಲಿನಾಕಿ ಗೊತ್ತಿಲ್ಲ. ಹೊಳ್ಳಿ ಹೋಗೂಣು ಬಾ.”

ಬದುಕಿಡೀ ಸಾವನ್ನು ನೋಡಿದ ಡಾಕ್ಟರಮ್ಮ. ಆದರೂ ಹೋಗದೆ ಇದ್ದರೆ ಮುಂದೆ ಅವರು ಹೇಗೆ ಇರುತ್ತಾರೆ ಎಂದು ಭಯವಾಯಿತು. ಪಕ್ಕದಲ್ಲಿ ಕೂತೆ. ಸೆಖೆಯಾದಂತಾಗಿ ಕೋಟು ತೆಗೆದಿಟ್ಟೆ. ಮುಂದಿನ ಗಾಡಿಯ ಅನೌನ್ಸ್‌ಮೆಂಟ್ ಬಂದಾಗ ಕೊನೆಗೆ ಇಷ್ಟೇ ಅಂದೆ: “ಅವರು ಕಾಯ್ತಿರ್ತಾರೆ ಆಂಟಿ.”

ಆಂಟಿ ಎದ್ದರು. ನಾನು ಬ್ಯಾಗ್ ಹಿಡಿದು ಒಳಗೆ ಹತ್ತಿದೆ, ಸೀಟು ಹುಡುಕಿ ಕೂರಿಸಿದೆ, ಬ್ಯಾಗ್ ಮೇಲಿಟ್ಟೆ, ಬಾಗಿ ಕಾಲು ಮುಟ್ಟಿದೆ. ಬಾಗಿಲು ಮುಚ್ಚಿತು.

ಗಾಬರಿಯಲ್ಲಿ ಬಾಗಿಲಿಗೆ ಓಡಿದೆ. ಬಟನ್ ಒತ್ತಿದೆ. ಬೆಂಚು, ಕೋಟು, ಮೆಟ್ಟಿಲು ಎಲ್ಲ ಹಿಂದೆ ಹೋದವು. ಗಾರ್ಡ್ ಬಂದು ನನ್ನ ಕತೆ ಕೇಳಿ, ಪರವಾಗಿಲ್ಲ, ಮುಂದಿನ ಸ್ಟೇಷನ್ ವಾರಿಂಗ್‌ಟನ್‌ನಲ್ಲಿ ಇಳಿದು ವಾಪಸ್ ಹೋಗಿ ಎಂದ. ನಾನು ಥ್ಯಾಂಕ್ಯೂ ಎನ್ನುವಷ್ಟರಲ್ಲಿ ಆಂಟಿ ನನ್ನ ಕೈ ಹಿಡಿದುಕೊಂಡರು.

“ನೋ. ಶಿ ಈಸ್ ವಿತ್ ಮಿ. ಆಲ್ ದ ವೇ” ಎಂದರು. ವಾರ್ಡಿನಲ್ಲಿ ನರ್ಸ್‌ಗಳಿಗೆ ಹೇಳುತ್ತಿದ್ದ ದನಿಯೇ ಇರಬೇಕು. ಗಾರ್ಡ್ ತೆಪ್ಪಗೆ ನನಗೆ ಪ್ರೆಸ್ಟನ್ ಟಿಕೆಟ್ ಕೊಟ್ಟ.

ಆತ ಹೋದ ಮೇಲೆ ಮೆಲ್ಲಗೆ ಹೇಳಿದರು. “ನೀ ಕ್ರೂದಾಗ ಇಳದಿದ್ರ ನಾ ವಾರಿಂಗ್‌ಟನ್‌ನಾಗ ಇಳದು ಹೊಳ್ಳಿ ಬರಾಕಿ ಇದ್ದೆ. ನಿನಗ ಹೇಳ್ತಿದ್ದಿಲ್ಲ.” ಪ್ರೆಸ್ಟನ್ ಬರುವವರೆಗೆ ಕೈ ಬಿಡಲಿಲ್ಲ.

ಹಾಸ್ಪಿಸ್‌ನಲ್ಲಿ ನಾನು ಬಾಗಿಲ ಹತ್ತಿರವೇ ನಿಂತೆ. ಹಾಸಿಗೆಯಲ್ಲಿದ್ದವರು ತೀರಾ ಸಣ್ಣಗಾಗಿದ್ದರು. ಆಂಟಿ ಹೋಗಿ ಪಕ್ಕದಲ್ಲಿ ನಿಂತರು. ಕಣ್ಣು ತೆರೆದ ಗಿರಿಜಾ ಅಳಲಿಲ್ಲ, ಆಶ್ಚರ್ಯವನ್ನೂ ತೋರಿಸಲಿಲ್ಲ.

“ಯಾವ ಗಾಡಿಗೆ ಬಂದಿ?” ಎಂದರು.

“ಮೊದಲ್ನೇದು ಬಿಟ್ಟೆ. ಎರಡನೇದಕ್ಕ ಬಂದೆ.”

“ವಾಪಸ್ ಗಾಡಿ ಎಷ್ಟಕ್ಕ?”

ಅದು ಅವರು ಪ್ರತಿ ಸಲ ಕೇಳಿಕೊಳ್ಳುತ್ತಿದ್ದ ಪ್ರಶ್ನೆ. ಎಷ್ಟು ಮಾತಾಡಬಹುದು ಎಂದು ತಿಳಿಯಲು ಅದೊಂದೇ ದಾರಿ. ಆಂಟಿ ಡಬ್ಬಿಯ ಮುಚ್ಚಳ ತೆಗೆದು ಗೆಳತಿಯ ಮೂಗಿನ ಹತ್ತಿರ ಹಿಡಿದರು. ಬೆಲ್ಲ, ಶೇಂಗಾ, ಏಲಕ್ಕಿ.

“ಇವತ್ತ ನನಗ ವಾಪಸ್ ಗಾಡಿ ಇಲ್ಲ” ಎಂದರು.

ಗಿರಿಜಾ “ಹಂಗಾರ ಕೂಡು” ಎಂದರು.

ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಕಾರಿಡಾರಿಗೆ ಬಂದು ಅತ್ತೆ.

ಸಂಜೆ ನಾನೊಬ್ಬಳೇ ಹಿಂದಿರುಗಿದೆ. ಕ್ರೂನಲ್ಲಿ ಗಾಡಿ ಬದಲಾಯಿಸಬೇಕಿತ್ತು. ಕೋಟನ್ನು ಯಾರೋ ಸ್ಟೇಷನ್ನಿನ ಆಫೀಸಿಗೆ ಕೊಟ್ಟಿದ್ದರು, ಸಿಕ್ಕಿತು. ಆ ಬೆಂಚಿನ ಮೇಲೆ ಕೂತು ಮೆಟ್ಟಿಲು ನೋಡಿದೆ. ಬ್ಯಾಗು ಎಳೆದುಕೊಂಡು ಜನ ಓಡುತ್ತಿದ್ದರು. ಯಾರೂ ಅಲ್ಲಿಗೆಂದು ಬಂದವರಲ್ಲ.

ಆಂಟಿ ಪ್ರೆಸ್ಟನ್ನಿನಲ್ಲೇ ಉಳಿದರು. ಹಗಲೆಲ್ಲ ಆ ಹಾಸಿಗೆಯ ಪಕ್ಕ, ರಾತ್ರಿ ಗಿರಿಜಾ ಅವರ ಮನೆ. ಕೊನೆಗೂ ಗೆಳತಿಯ ಮನೆ ನೋಡಿದರು, ಗೆಳತಿ ಇಲ್ಲದಾಗ. ಹೋದ ವಾರ ಬೆಳಗ್ಗೆ ಅವರ ಫೋನ್ ಬಂತು. ದನಿ ಸಮಾಧಾನವಾಗಿತ್ತು.

“ಗಿರಿಜಾನ ಗಾಡಿ ಮೊದಲ ಬಂತವ್ವಾ. ಛಲೋತ್ನಾಗಿ ಕೂಡಿಸಿ ಬಂದೆ.”

ಇದನ್ನು ಮಗಳಿಗೆ ಹೇಳಿದೆ. ಈ ಸಲ ಅವಳು ನಗಲಿಲ್ಲ. ನೀವೇ ಹೇಳಿ, ಪ್ಲಾಟ್‌ಫಾರ್ಮಿನಲ್ಲೇ ನಿಂತು ಕೈ ಬೀಸಿಬಿಟ್ಟರೆ ಅದನ್ನು ಕಳಿಸಿಕೊಡುವುದು ಎನ್ನುತ್ತಾರೆಯೇ?