ಹೊಟ್ಟೆಯೊಳಗಿನ ಹತ್ತನೆಯವರು

ಬರ್ಮಾದ ಪೌಕ್ ಪೇಟೆಯಿಂದ ನನ್ನ ತವರಿಗೆ ಈಗ ದೊಡ್ಡ ಬಸ್ಸುಗಳು ಓಡುತ್ತವೆ. ಹತ್ತಿದವರು ಕಿವಿಗೆ ತಂತಿ ಸಿಕ್ಕಿಸಿಕೊಂಡು ಕಣ್ಣು ಮುಚ್ಚುತ್ತಾರೆ, ಪಕ್ಕದವರ ಹೆಸರನ್ನೂ ಕೇಳುವುದಿಲ್ಲ. ಸುಡುಗಾಡು ಪ್ರಯಾಣ. ನನಗೆ ನಮ್ಮೂರಿನ ಊ ಓನ್ ಶ್ವೆ ಮಾವ ಓಡಿಸುತ್ತಿದ್ದ ಲಟಾರಿ ಪಿಕಪ್ಪೇ ಬೇಕು. ಈಗ ಅದೂ ಇಲ್ಲ, ಮಾವನೂ ಇಲ್ಲ.

ಮಾವನದು ಎಲೆಯಡಿಕೆಯಿಂದ ಕೆಂಪಾದ ಬಾಯಿ, ಎತ್ತಿ ಕಟ್ಟಿದ ಲುಂಗಿ. ದಾರಿಯುದ್ದಕ್ಕೂ ಗಾಡಿ ನಿಲ್ಲಿಸಿ ಒಬ್ಬರ ಔಷಧಿ, ಇನ್ನೊಬ್ಬರ ಸುದ್ದಿ ಮನೆ ಬಾಗಿಲಿಗೇ ಮುಟ್ಟಿಸುವರು. ನಾವು ಎಷ್ಟು ಗೊಣಗಿದರೂ ಅವರಿಗೆ ಅವಸರವೇ ಇರಲಿಲ್ಲ.

ಅಮ್ಮನಿಗೆ ಕಾಯಿಲೆಯೆಂದು ನನಗೆ ಸುದ್ದಿ ತಂದವರೂ ಅವರೇ. ನಾನು ಓಡಿಹೋಗಿ ಮದುವೆಯಾದವಳು. ಅಂದಿನಿಂದ ಅಮ್ಮ ನನ್ನ ಹೆಸರೆತ್ತಿರಲಿಲ್ಲ. ಕಾಲಿಗೆ ಬಿದ್ದುಬರೋಣ ಎಂದು ಹೊರಟೆ. ಮನೆಯೊಳಗೆ ಸೇರಿಸುತ್ತಾಳೋ ಇಲ್ಲವೋ ಎಂಬ ದಿಗಿಲು ಬೇರೆ.

ಹೊರಡುವ ಮುನ್ನ ಮಾವ ತಮ್ಮನ್ನೂ ಸೇರಿಸಿ ತಲೆ ಎಣಿಸಿದರು. ಒಂಬತ್ತು. ಒಂಬತ್ತು ಜನ ಒಟ್ಟಿಗೆ ಹೊರಟರೆ ನಮ್ಮ ಬರ್ಮಾದವರಿಗೆ ಆಗಿಬರುವುದಿಲ್ಲ. ಒಂದು ಕಲ್ಲನ್ನು ಹತ್ತಿಸಿಕೊಂಡು ಅದನ್ನೇ ಹತ್ತನೆಯವರೆಂದು ಲೆಕ್ಕ ಹಿಡಿಯಬೇಕು. ಮಾವ ಕಲ್ಲು ಹುಡುಕಲು ಇಳಿದರು.

“ಕಲ್ಲ್ಯಾಕಯ್ಯಾ?” ಎಂದಳು ತಾಳೆಬೆಲ್ಲ ಮಾರುವ ದೊ ತಾನ್ ಮೇ. “ಈ ಹುಡುಗಿ ಹುಣಸೆಕಾಯಿ ಚಪ್ಪರಿಸೋದು ನೋಡು. ಅಲ್ಲಿ ಇಬ್ಬರು ಕೂತವ್ರೆ.”

ನಾಚಿಕೆಯಿಂದ ಸತ್ತೆ. ಗಂಡನಿಗೇ ಇನ್ನೂ ಹೇಳಿರಲಿಲ್ಲ.

“ಹೌದೇನವ್ವಾ?” ಎಂದರು ಮಾವ. ತಲೆಯಾಡಿಸಿದೆ. “ಹಂಗಾದ್ರೆ ಕಲ್ಲೂ ಬೇಡ, ಗಿಲ್ಲೂ ಬೇಡ. ಹತ್ತನೇ ಸಾಹೇಬ್ರು ಬಂದಾಯ್ತು, ನಡೀರಿ.”

ತಾಳೆಮರಗಳ ಸಾಲು, ಕಡಲೆಕಾಯಿ ಹೊಲ, ನೀರಿಲ್ಲದ ಹಳ್ಳ. ಹಳ್ಳದ ಮರಳಿನಲ್ಲಿ ಗಾಡಿ ಹೂತುಕೊಂಡಾಗ ಎಲ್ಲರೂ ಇಳಿದು ತಳ್ಳಿದರು.

“ನೀನು ಅಲ್ಲಾಡಬೇಡ, ಲೆಕ್ಕ ತಪ್ಪುತ್ತೆ,” ಎಂದು ದೊ ತಾನ್ ಮೇ ಗದರಿದಳು. ಅಷ್ಟು ಜನ ನನಗಾಗಿ ಬೆವರುವುದನ್ನು ನೋಡುತ್ತ, ತವರಿಲ್ಲದ ನಾನು ಅತ್ತುಬಿಟ್ಟೆ.

ಮನೆಯ ಬೇಲಿಯ ಹತ್ತಿರ ಕಾಲು ಮುಂದೆ ಹೋಗಲಿಲ್ಲ. ಮಾವ ಜೊತೆಗೆ ಬಂದರು. ಅಮ್ಮ ಚಾಪೆಯ ಮೇಲೆ ಮಲಗಿದ್ದಳು, ಬಹಳ ಸೊರಗಿದ್ದಳು. ಮಂಡಿಯೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದೆ. ಅವಳು ಮುಖ ಆ ಕಡೆ ತಿರುಗಿಸಿದಳು.

ಆ ಕಡೆ ನೋಡುತ್ತಲೇ, “ಓನ್ ಶ್ವೆ, ಊಟ ಮಾಡಿದ್ದಾಳಾ ಕೇಳು,” ಎಂದಳು.

ಮಾವ ನನ್ನನ್ನು ಕೇಳಲೇ ಇಲ್ಲ. “ಇಲ್ಲ ಅಕ್ಕಾ. ಬೆಳಗಿಂದ ಇಬ್ಬರೂ ಉಪವಾಸ.”

“ಇನ್ನೊಬ್ಬರು ಯಾರು?” ಅಮ್ಮ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ನನ್ನತ್ತ ತಿರುಗಿ, ನನ್ನ ಹೊಟ್ಟೆಯನ್ನು ನೋಡಿದಳು.

ಬಿದಿರ ಕಂಬ ಹಿಡಿದು ಎದ್ದು, ಒಲೆ ಹಚ್ಚಲು ಹೋದಳು.